ಉಡುಗೆಯೂ ತನ್ನತನವೂ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ಕನ್ನಡದ ಹಳೆಯ ಗಾದೆ. ಹೊಟ್ಟೆಗೆ ಏನು ಹಿತವೆಂಬುದನ್ನು ಉಣ್ಣುವವನೇ ಬಲ್ಲನು. ಮೈಮೇಲೆ ಏನು ಒಪ್ಪುವುದೆಂಬುದನ್ನು ಮಾತ್ರ ನೋಡುವವರು ಹೇಳಬೇಕು. ಗಾದೆಯಲ್ಲಿ ಲೋಕಾನುಭವವುಂಟು. ಆದರೆ ಈ ‘ಪರರು’ ಯಾರು? ತಂದೆತಾಯಿಗಳೆ, ಉಪಾಧ್ಯಾಯರೆ, ಸರಕಾರವೆ, ಓರಗೆಯವರೆ, ಅಂಗಡಿಕಾರನೆ? ಅವರೆಲ್ಲರ ಇಚ್ಛೆಯೂ ಸಂದಮೇಲೆ ಉಡುವವನ ಇಚ್ಛೆಗೆ ಎಡೆಯೇನಾದರೂ ಉಳಿಯುವುದೆ? ಉಡುಗೆಯು ಅಲ್ಪವಿಷಯವೆಂದು ತೋರಬಹುದು. ಆದರೆ ಮನುಷ್ಯನ ಸ್ವಾತಂತ್ರ್ಯವು ಪರೀಕ್ಷೆಗೆ ಬರುವುದು ಬಹುಮಟ್ಟಿಗೆ ಇಂಥ ಅಲ್ಪವಿಷಯಗಳಲ್ಲಿಯೇ. ಕಳೆದ ಅರುವತ್ತು ವರ್ಷಗಳಲ್ಲಿ ಜಪಾನಿನ ತರುಣ ತರುಣಿಯರು ಟೋಕಿಯೋ ನಗರದ ಬೀದಿಗಳಲ್ಲಿ ತೊಟ್ಟ ಬಗೆಬಗೆಯ ವೇಷಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಉಚಿತವಾಗಿದೆ.

ಆ ದೇಶದಲ್ಲಿ ಉಡುಗೆಯು ಕೇವಲ ಉಡುವವನ ಸ್ವತ್ತಾಗಿದ್ದುದು ಅಪೂರ್ವ. 1603 ರಿಂದ 1868 ರ ವರೆಗಿನ ತೊಕುಗಾವಾ ಆಳಿಕೆಯಲ್ಲಿ ಯಾವ ವರ್ಗದವರು ಎಂಥ ಬಟ್ಟೆಯನ್ನು ತೊಡಬಹುದೆಂಬ ಕಟ್ಟಳೆಗಳು ಮತ್ತೆ ಮತ್ತೆ ಹೊರಟುವು. ಹಣವಂತರಾದ ವರ್ತಕರು ಹೊರಗೆ ಕಂದು, ಬೂದಿ ಮುಂತಾದ ಮಾಸಲು ಬಣ್ಣಗಳ ಕಿಮೋನೋ ತೊಟ್ಟು, ಯಾರಿಗೂ ಕಾಣದ ಒಳ ಅಸ್ತರಿಗೆ ಬೆಲೆಬಾಳುವ ರೇಷ್ಮೆಯನ್ನು ಹೊಲಿಸಿಕೊಂಡರು. ಕಟ್ಟಳೆಯೂ ಉಳಿಯಿತು, ಇಚ್ಛೆಯೂ ಉಳಿಯಿತು. ಆ ನಗರವಾಸಿಗಳ ಹದವಾದ ರಸಿಕತೆಗೆ ‘ಇಕಿ’ ಎಂದು ಹೆಸರು. ಕುಕಿ ಶೂಜೋ ಎಂಬ ತತ್ತ್ವಜ್ಞನು 1930 ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಮುಂದೆ ಮೇಜಿ ಚಕ್ರವರ್ತಿಯ ಕಾಲದಲ್ಲಿ, 1871 ರಲ್ಲಿ, ಪುರುಷರು ಜುಟ್ಟನ್ನು ತೆಗೆಸಿಕೊಳ್ಳಬಹುದೆಂದು ಸರಕಾರವು ಸಾರಿತು. ಗಂಡುಮಕ್ಕಳ ಶಾಲೆಗಳಿಗೆ ಸೈನಿಕರ ಮಾದರಿಯ ಕೊರಳುಪಟ್ಟಿಯ ಕಪ್ಪು ಅಂಗಿಯೂ, 1920 ರ ಅನಂತರ ಹೆಣ್ಣುಮಕ್ಕಳ ಶಾಲೆಗಳಿಗೆ ನಾವಿಕರ ಮಾದರಿಯ ಉಡುಪೂ ಬಂದುವು. 1940 ರಲ್ಲಿ, ಯುದ್ಧದ ಕಾಲದಲ್ಲಿ, “ಭೋಗವೇ ಶತ್ರು” ಎಂಬ ಫಲಕಗಳು ರಾಜಧಾನಿಯಲ್ಲಿ ಎದ್ದುವು. ಅದೇ ವರ್ಷ ಗಂಡಸರಿಗೆ ‘ರಾಷ್ಟ್ರೀಯ ಉಡುಪು’ ಗೊತ್ತಾಯಿತು. “ಮೇಲೆದ್ದ ಮೊಳೆಗೆ ಸುತ್ತಿಗೆಯ ಪೆಟ್ಟು” ಎಂಬ ಅರ್ಥದ ಗಾದೆ ಆ ನಾಡಿನಲ್ಲಿ ಬಳಕೆಯಲ್ಲಿರುವುದು ಆಶ್ಚರ್ಯವಲ್ಲ.

ಇಂಥ ನೆಲದಲ್ಲಿಯೇ ಮೊಳೆಗಳು ಒಂದರ ಹಿಂದೊಂದಾಗಿ ಮೇಲೆದ್ದುವು. 1964 ರ ಬೇಸಗೆಯಲ್ಲಿ ಗಿಂಜಾ ಪೇಟೆಯ ಮಿಯುಕಿ ಬೀದಿಯಲ್ಲಿ, ಅಮೆರಿಕಾದ ಕಾಲೇಜು ಹುಡುಗರಂತೆ ಉಡುಪು ತೊಟ್ಟ ತರುಣರು ಗುಂಪುಗೂಡಿ ಸುಮ್ಮನೆ ಅಡ್ಡಾಡತೊಡಗಿದರು. ಅವರು ಮಾಡಿದ ಅಪರಾಧವು ಅಷ್ಟೆ. ಆದರೆ ಒಲಿಂಪಿಕ್ ಪಂದ್ಯಗಳು ಅಕ್ಟೋಬರಿನಲ್ಲಿ ನಡೆಯತಕ್ಕವಾಗಿದ್ದುವು. ಪರದೇಶಿಯರ ಕಣ್ಣಿಗೆ ಊರು ಚೊಕ್ಕಟವಾಗಿ ಕಾಣಬೇಕೆಂದು ಪೋಲೀಸಿನವರು ಅವರನ್ನು ಹಿಡಿದು ಬೀದಿಯಿಂದ ತೆರವು ಮಾಡಿದರು. ಹದಿಮೂರು ವರ್ಷಗಳ ತರುವಾಯ, 1977 ರಲ್ಲಿ, ಹರಾಜುಕು ಎಂಬಲ್ಲಿಯ ಹೆದ್ದಾರಿಯನ್ನು ಭಾನುವಾರಗಳಲ್ಲಿ ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಟ್ಟುಕೊಟ್ಟರು. ಅಲ್ಲಿ 1980 ರ ಹೊತ್ತಿಗೆ, ಕಣ್ಣುಕುಕ್ಕುವ ಬಣ್ಣಗಳ ಜೋಲು ಉಡುಪು ತೊಟ್ಟ ಹುಡುಗ ಹುಡುಗಿಯರು ಟೇಪ್ ರೆಕಾರ್ಡರಿನ ಸಂಗೀತಕ್ಕೆ ವರ್ತುಲವಾಗಿ ಕುಣಿಯುತ್ತಿದ್ದರು. ಆ ಉಡುಪನ್ನು ಮಾರಿದ ಅಂಗಡಿಯ ಹೆಸರಾದ ‘ತಾಕೆನೊಕೊ’, ಎಂದರೆ ಬಿದಿರ ಕಳಲೆ, ಅವರ ಹೆಸರಾಯಿತು. 1990 ರ ದಶಕದ ಕೊನೆಯಲ್ಲಿ ಶಿಬುಯಾ ಪೇಟೆಯ ಹುಡುಗಿಯರು ಮೈಯನ್ನು ಬೇಕೆಂದೇ ಕಪ್ಪಗೆ ಮಾಡಿಕೊಂಡು, ಕೂದಲನ್ನು ಬಿಳುಪಾಗಿಸಿ, ತುಟಿಗೆ ಬಿಳಿಯ ಬಣ್ಣ ಬಳಿದರು. “ಬಿಳಿಯ ಮೈಬಣ್ಣ ಏಳು ಕುಂದುಗಳನ್ನು ಮುಚ್ಚುವುದು” ಎಂದು ನಂಬಿದ ಜನರ ನಡುವೆ ಇದು ಸಣ್ಣ ಸಾಹಸವಲ್ಲ. ಅವರಲ್ಲಿ ಅತಿರೇಕಕ್ಕೆ ಹೋದವರಿಗೆ ‘ಯಮನ್ಬಾ’, ಎಂದರೆ ಅಡಗೂಲಜ್ಜಿಯ ಕಥೆಗಳಲ್ಲಿ ಬರುವ ಬೆಟ್ಟದ ರಕ್ಕಸಿ ಮುದುಕಿ, ಎಂಬ ಹೆಸರು ಬಂದಿತು. ಇನ್ನು ಕೆಲವರು ‘ಲೋಲಿತಾ’ ಎಂಬ ಶೈಲಿಯನ್ನು ಹಿಡಿದು, ಹಳೆಯ ಯೂರೋಪಿನ ಗೊಂಬೆಗಳಂತೆ ಜಾಲರಿ, ಲೇಸು, ಉಬ್ಬಿದ ಲಂಗಗಳನ್ನು ತೊಟ್ಟರು. ತಾವು ಹೀಗೆ ಉಡುವುದು ಗಂಡಸರ ಕಣ್ಣಿಗಾಗಿ ಅಲ್ಲ, ತಮ್ಮ ಸಂತೋಷಕ್ಕಾಗಿ, ಎಂದು ಅವರಲ್ಲಿ ಅನೇಕರು ಹೇಳಿದ್ದಾರೆ.

ಹಿರಿಯರು ಇದನ್ನೆಲ್ಲ ಕಂಡು ನಕ್ಕರು, ಇಲ್ಲವೆ ಸಿಡುಕಿದರು. ಅವರ ಆಕ್ಷೇಪಗಳಲ್ಲಿ ಎರಡು ವಿಚಾರಯೋಗ್ಯವಾಗಿವೆ. ಮೊದಲನೆಯದು: ಈ ತರುಣರು ಶಾಲೆಯ ಸಮವಸ್ತ್ರವನ್ನು ಬಿಟ್ಟು ತೊಟ್ಟದ್ದು ಇನ್ನೊಂದು ಸಮವಸ್ತ್ರವನ್ನೇ. ಕಳಲೆಯ ಕೂಟದವರೆಲ್ಲರೂ ಒಂದೇ ಅಂಗಡಿಯ ಬಟ್ಟೆ ತೊಟ್ಟವರು. ಲೋಲಿತಾ ಶೈಲಿಯಲ್ಲಿ ಲಂಗದ ಉದ್ದ, ಒಳಲಂಗದ ಉಬ್ಬು, ಪಾದರಕ್ಷೆಯ ಬಗೆ ಎಲ್ಲಕ್ಕೂ ಕಟ್ಟುನಿಟ್ಟುಂಟು. ಜಪಾನೀಯರು ಇಂಥ ಕೂಟಗಳನ್ನು ‘ಝೋಕು’ ಎಂದು ಕರೆಯುವರು. ಆ ಮಾತಿಗೆ ಕುಲವೆಂದೇ ಅರ್ಥ. ಒಂದು ಕುಲದ ಆಚಾರದಿಂದ ತಪ್ಪಿಸಿಕೊಂಡವನು ಇನ್ನೊಂದು ಕುಲದ ಆಚಾರಕ್ಕೆ ತಲೆಬಾಗಿದರೆ ಗಳಿಸಿದುದೇನು? ಎರಡನೆಯದು: ಈ ‘ಇಚ್ಛೆ’ಯನ್ನು ಹುಟ್ಟಿಸಿದವರು ವ್ಯಾಪಾರಿಗಳು. ಶಿಬುಯಾದಲ್ಲಿ 1979 ರಲ್ಲಿ ತೆರೆದ ‘109’ ಎಂಬ ಅಂಗಡಿಗಳ ಸೌಧದಲ್ಲಿ ಮಾರುವ ಹುಡುಗಿಯರೇ ಮುಂದೆ ಕೊಳ್ಳುವ ಹುಡುಗಿಯರಿಗೆ ಆದರ್ಶಮೂರ್ತಿಗಳಾದರು. ಬಂಡಾಯವನ್ನೂ ಬೆಲೆಕೊಟ್ಟು ಕೊಳ್ಳಬೇಕಾದರೆ ಅದು ಯಾವ ಬಂಡಾಯ?

ಈ ಆಕ್ಷೇಪಗಳಲ್ಲಿ ಸತ್ಯಾಂಶವುಂಟು. ಆದರೆ ತನ್ನತನವೆಂದರೆ ಯಾರಂತೆಯೂ ಇಲ್ಲದಿರುವುದು ಎಂಬ ತಪ್ಪು ಭಾವನೆಯೂ ಅವುಗಳಲ್ಲಿ ಅಡಗಿದೆ. ಯಾರಂತೆಯೂ ಇಲ್ಲದವನು ಲೋಕದಲ್ಲಿ ಇಲ್ಲ. ಮಾತನಾಡುವವನು ತಾನೇ ಹುಟ್ಟಿಸಿದ ನುಡಿಯನ್ನು ಆಡುವುದಿಲ್ಲ. ಹತ್ತು ಜನ ಆಡಿದ ನುಡಿಯಲ್ಲಿಯೇ ತನ್ನ ಮಾತನ್ನು ಆಡುತ್ತಾನೆ. ಉಡುಗೆಯೂ ಹಾಗೆಯೇ. ವಾರದ ಆರು ದಿನ ಯಾರ ಕಣ್ಣಿಗೂ ಬೀಳದೆ ಶಾಲೆಯ ಸಾಲಿನಲ್ಲಿ ನಿಂತ ಹುಡುಗಿಯು ಏಳನೆಯ ದಿನ ಹರಾಜುಕುವಿಗೆ ಬಂದುದು ಒಬ್ಬಂಟಿಯಾಗಿ ಮೆರೆಯುವುದಕ್ಕಲ್ಲ. ತನ್ನನ್ನು ಗುರುತಿಸುವ ನಾಲ್ವರನ್ನು ಕಾಣುವುದಕ್ಕೆ. ನೋಟವು ಪರರಿಚ್ಛೆಯೆಂಬ ಗಾದೆಯನ್ನು ಆಕೆ ಮುರಿಯಲಿಲ್ಲ. ಆ ‘ಪರರು’ ಯಾರಾಗಬೇಕೆಂಬುದನ್ನು ತಾನೇ ಆರಿಸಿಕೊಂಡಳು.

ಹಾಗಾದರೆ ಹೇರಿದ ಉಡುಪಿಗೂ ಆರಿಸಿಕೊಂಡ ಉಡುಪಿಗೂ ಇರುವ ಭೇದವನ್ನು ತಿಳಿಯುವುದು ಹೇಗೆ? ಬಟ್ಟೆಯನ್ನು ನೋಡಿ ತಿಳಿಯುವುದು ಅಸಾಧ್ಯ. ಇದಕ್ಕೆ ಶಾಲೆಯ ನಾವಿಕ ಉಡುಪೇ ಸಾಕ್ಷಿ. 1970 ರ ದಶಕದಲ್ಲಿ ಪುಂಡ ಹುಡುಗಿಯರ ಗುಂಪುಗಳು ಅದೇ ಉಡುಪಿನ ಲಂಗವನ್ನು ಕಾಲು ಮುಚ್ಚುವಂತೆ ಉದ್ದ ಮಾಡಿ ತೊಟ್ಟುವು. 1990 ರ ದಶಕದ ಹುಡುಗಿಯರು ಅದನ್ನೇ ಮೊಳಕಾಲಿನ ಮೇಲಕ್ಕೆ ಮಡಚಿ, ಸಡಿಲವಾದ ಬಿಳಿಯ ಕಾಲುಚೀಲಗಳೊಡನೆ ತೊಟ್ಟರು. ಮುಂದೆ, ಸಮವಸ್ತ್ರವೇ ಇಲ್ಲದ ಶಾಲೆಗಳ ಹುಡುಗಿಯರು ಸಮವಸ್ತ್ರದಂತೆ ಕಾಣುವ ಉಡುಪನ್ನು ಹಣಕೊಟ್ಟು ಕೊಂಡು ಸಂತೋಷದಿಂದ ತೊಡತೊಡಗಿದರು. 2009 ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯು ಈ ಬೀದಿಯ ಶೈಲಿಗಳಿಗೆ ಮೂವರು ತರುಣಿಯರನ್ನು ಪ್ರತಿನಿಧಿಗಳಾಗಿ ನೇಮಿಸಿದಾಗ, ಲೋಲಿತಾ ಮತ್ತು ಹರಾಜುಕು ಶೈಲಿಗಳ ಜತೆಗೆ ಮೂರನೆಯದಾಗಿ ನಿಂತದ್ದು ಶಾಲೆಯ ಸಮವಸ್ತ್ರದ ಶೈಲಿ! ಒಂದೇ ಬಟ್ಟೆಯು ಒಬ್ಬಳಿಗೆ ಬಂಧನ, ಒಬ್ಬಳಿಗೆ ಅಲಂಕಾರ. ಭೇದವಿರುವುದು ಅದನ್ನು ಕಳಚುವ ಸಾಮರ್ಥ್ಯದಲ್ಲಿ. ಯಾವುದನ್ನು ಮನಸ್ಸರಿತು ತೊಟ್ಟು, ಬೇಡವಾದಾಗ ನಿರ್ಭಯವಾಗಿ ಕಳಚಬಹುದೊ ಅದು ತನ್ನದು. ಯಾವುದನ್ನು ಕಳಚಿದರೆ ದಂಡನೆಯೊ ಬಹಿಷ್ಕಾರವೊ ಕಾದಿದೆಯೊ ಅದು ಪರರದು.

ಈ ಒರೆಗಲ್ಲಿಗೆ ತರುಣರ ಕೂಟಗಳನ್ನೂ ಹಚ್ಚಬೇಕು. ಗೆಳತಿಯರು ಕೈಬಿಟ್ಟಾರೆಂಬ ಅಂಜಿಕೆಯಿಂದಲೇ ಮೈ ಕಪ್ಪಗೆ ಮಾಡಿಕೊಂಡ ಹುಡುಗಿಗೆ ಆ ಬಣ್ಣವು ಶಾಲೆಯ ಕೊರಳುಪಟ್ಟಿಗಿಂತ ಹಗುರವೇನಲ್ಲ. ಆದರೆ ಕೂಟವನ್ನು ಬಿಟ್ಟುಹೋದವಳಿಗೆ ಬೇರೆ ಕೂಟವುಂಟು, ಬೇರೆ ಬೀದಿಯುಂಟು. ಶಾಲೆಯನ್ನು ಬಿಟ್ಟವಳಿಗೆ ಮುಂದಿನ ಬಾಳೇ ಸಂದಿಗ್ಧ.

ಓಸಾಕಾ ಪ್ರಾಂತದಲ್ಲಿ ಈ ಪ್ರಶ್ನೆಯು ನ್ಯಾಯಾಸ್ಥಾನದ ಮೆಟ್ಟಿಲನ್ನೇರಿತು. ಅಲ್ಲಿಯ ಒಂದು ಸರಕಾರಿ ಪ್ರೌಢಶಾಲೆಯ ಹುಡುಗಿಗೆ ಕೂದಲಿಗೆ ಕಪ್ಪು ಬಣ್ಣ ಹಾಕಿಕೊಳ್ಳಬೇಕೆಂದು ಉಪಾಧ್ಯಾಯರು ಪದೇ ಪದೇ ಹೇಳಿದರು. ತನ್ನ ಕೂದಲು ಹುಟ್ಟಿನಿಂದಲೇ ಕಂದು ಎಂದು ಆಕೆಯ ವಾದ. ಆಕೆ ಶಾಲೆಗೆ ಬರುವುದನ್ನೇ ಬಿಟ್ಟಳು. 2017 ರಲ್ಲಿ ದಾವೆ ಹೂಡಿದಳು. 2021 ರಲ್ಲಿ ಕೆಳಗಿನ ನ್ಯಾಯಾಲಯವು, ಕೂದಲಿನ ನಿಯಮವು ಶಾಲೆಯ ಅಧಿಕಾರಕ್ಕೆ ಮೀರಿದ್ದಲ್ಲವೆಂದು ಹೇಳಿತು; ಆದರೆ ತರಗತಿಯಿಂದ ಆಕೆಯ ಪೀಠವನ್ನು ತೆಗೆದದ್ದೂ ಪಟ್ಟಿಯಿಂದ ಹೆಸರನ್ನು ಬಿಟ್ಟದ್ದೂ ಅನ್ಯಾಯವೆಂದು ನಿರ್ಣಯಿಸಿ, 330,000 ಯೆನ್ ಪರಿಹಾರವನ್ನು ಕೊಡಿಸಿತು. ನಿಯಮವಿಡುವವರ ಪಕ್ಷದಲ್ಲಿಯೂ ಮಾತುಂಟು. ಶಿಸ್ತಿಲ್ಲದೆ ಕಲಿಕೆಯಿಲ್ಲ, ಸಮವಸ್ತ್ರವು ಬಡವ ಬಲ್ಲಿದರ ಭೇದವನ್ನು ಮರೆಯಿಸುವುದು, ನಾಳೆ ಉದ್ಯೋಗ ಕೊಡುವವರು ಕಪ್ಪು ಕೂದಲನ್ನೇ ಬಯಸಬಹುದು. ಆದರೆ ಎಲ್ಲರೂ ಸಮಾನರೆಂದು ತೋರಿಸಲು ಹುಟ್ಟಿದ ನಿಯಮವು, ಒಬ್ಬಳು ಇಲ್ಲವೇ ಇಲ್ಲವೆಂದು ತೋರಿಸಲು ಪೀಠವನ್ನು ತೆಗೆಯುವ ಮಟ್ಟಕ್ಕೆ ಬಂದರೆ, ಅದು ತನ್ನ ಉದ್ದೇಶವನ್ನು ತಾನೇ ಕೊಂದಂತಾಯಿತು. 2022 ರ ಏಪ್ರಿಲಿನಿಂದ ಟೋಕಿಯೋ ನಗರಾಡಳಿತದ ಪ್ರೌಢಶಾಲೆಗಳು ಕೂದಲಿಗೆ ಕಪ್ಪು ಬಳಿಸುವ ನಿಯಮವನ್ನು ಕೈಬಿಟ್ಟುವು.

ಆದರೆ ಕಟ್ಟಳೆ ಸಡಿಲಿದ ಮಾತ್ರಕ್ಕೆ ತನ್ನತನವು ತಾನಾಗಿ ಅರಳುವುದೆಂದು ತಿಳಿಯಬಾರದು. ಹರಾಜುಕುವಿನ ಭಾನುವಾರದ ಬೀದಿಯು 1998 ರಲ್ಲಿ ಮತ್ತೆ ವಾಹನಗಳ ಪಾಲಾಯಿತು. ಅಲ್ಲಿಯ ವೇಷಗಳ ಛಾಯಾಚಿತ್ರಗಳಿಗಾಗಿಯೇ ಆವೊಕಿ ಶೋಇಚಿ ಎಂಬವನು 1997 ರಲ್ಲಿ ಆರಂಭಿಸಿದ ‘ಫ್ರೂಟ್ಸ್’ ಎಂಬ ಮಾಸಪತ್ರಿಕೆಯು 2017 ರಲ್ಲಿ ನಿಂತಿತು. ಚಿತ್ರ ತೆಗೆಯತಕ್ಕ ತರುಣರು ಈಗ ಸಿಕ್ಕುತ್ತಿಲ್ಲವೆಂಬುದೇ ಅವನು ಕೊಟ್ಟ ಕಾರಣ. ಈ ಬಾರಿ ಯಾವ ಪೋಲೀಸಿನವನೂ ಬೀದಿಯನ್ನು ತೆರವು ಮಾಡಲಿಲ್ಲ, ಯಾವ ಫಲಕವೂ ಏಳಲಿಲ್ಲ. ಅಗ್ಗವಾದ ಸಿದ್ಧ ಉಡುಪುಗಳ ದೊಡ್ಡ ಮಳಿಗೆಗಳು ಆ ಬೀದಿಗೇ ಬಂದುವು. ಎಲ್ಲರಂತೆ ಇರುವುದು ಸುಲಭವಾಯಿತು, ಬೇರೆಯಾಗಿರುವುದು ಶ್ರಮವಾಯಿತು. ಸುತ್ತಿಗೆಯನ್ನು ಕಂಡವನು ಅದನ್ನು ಎದುರಿಸಬಲ್ಲನು. ಸುತ್ತಿಗೆಯೇ ಇಲ್ಲದೆ ತಾನಾಗಿ ತಗ್ಗಿದ ಮೊಳೆಗೆ ತಾನು ತಗ್ಗಿದೆನೆಂಬ ಅರಿವೂ ಇರುವುದಿಲ್ಲ.

ಆದುದರಿಂದ ಮನೆಯ ಮಕ್ಕಳು ಕನ್ನಡಿಯ ಮುಂದೆ ನಿಂತು ಹಿರಿಯರಿಗೆ ಒಪ್ಪದ ಬಟ್ಟೆಯನ್ನು ತೊಟ್ಟಾಗ, “ಇದು ಚೆನ್ನಾಗಿದೆಯೆ?” ಎಂದು ಕೇಳುವುದಕ್ಕೆ ಮುಂಚೆ, “ಇದನ್ನು ನೀನೇ ಆರಿಸಿದೆಯಾ? ನಾಳೆ ಬೇಡವೆನಿಸಿದರೆ ಬಿಡಬಲ್ಲೆಯಾ?” ಎಂದು ಕೇಳುವುದು ಮೇಲು. ಅವೆರಡಕ್ಕೂ ಹೌದೆಂಬ ಉತ್ತರ ಬಂದರೆ ಉಳಿದುದನ್ನು ಕಾಲಕ್ಕೆ ಬಿಡಬಹುದು. ಅದೇ ಎರಡು ಪ್ರಶ್ನೆಗಳನ್ನು ಹಿರಿಯರು ತಮ್ಮ ಉಡುಗೆಯನ್ನು ಕುರಿತೂ ಒಮ್ಮೆ ಕೇಳಿಕೊಂಡರೆ ತಪ್ಪಾಗಲಾರದು.