ಬರಹವೆಂಬ ಕಾಯಕ, ಬೆನ್ನು ತಟ್ಟುವ ದಾಸೋಹ



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಿಂದ ಹಿಡಿದು ಆದವಾನಿ, ರಾಯದುರ್ಗ, ಮಡಕಶಿರಾ, ತಾಳವಾಡಿಯವರೆಗೆ ನೆಲೆಸಿ, ಹೊರಗೆ ಪರಭಾಷೆಯಲ್ಲಿ ವ್ಯವಹಾರ ನಡೆಸುತ್ತ, ಒಳಗೆ ಲಿಂಗಪೂಜೆಯನ್ನು ಕನ್ನಡದಲ್ಲಿಯೇ ಮಾಡಿಕೊಂಡು ಬಂದಿರುವ ಸಕಲ ಸದ್ಭಕ್ತರಿಗೂ ಶರಣು ಶರಣಾರ್ಥಿಗಳು.

ಒಕ್ಕಲುತನ, ವ್ಯಾಪಾರ, ನೇಯ್ಗೆ ಇವುಗಳನ್ನು ಕಾಯಕವೆಂದರೆ ಎಲ್ಲರೂ ಒಪ್ಪುತ್ತೇವೆ. ಆದರೆ ಮನೆಯಲ್ಲಿ ಒಬ್ಬ ಮಗ ದೀಪದ ಮುಂದೆ ಕುಳಿತು ಬರೆಯುತ್ತಿದ್ದರೆ, ಅದನ್ನು ಕಾಯಕವೆಂದು ಎಷ್ಟು ಜನ ಒಪ್ಪುತ್ತೇವೆ? "ಇದರಿಂದ ಹೊಟ್ಟೆ ತುಂಬುತ್ತದೇನು?" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಈ ಸಲ ಆ ಪ್ರಶ್ನೆಯನ್ನೇ ನಾವೆಲ್ಲ ಕೂಡಿ ವಿಚಾರ ಮಾಡೋಣ.

ಮೊದಲು ಒಂದು ಮಾತು. ನಮ್ಮ ಧರ್ಮದ ಮೂಲ ಬಂಡವಾಳವೇ ಬರಹ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಸೇರಿದ ಶರಣರು ದೊಡ್ಡ ಗುಡಿ ಕಟ್ಟಿಸಲಿಲ್ಲ, ಶಾಸನ ಹಾಕಿಸಿ ಹೆಸರು ಉಳಿಸಿಕೊಳ್ಳಲಿಲ್ಲ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ, ಇವರೆಲ್ಲ ತಮ್ಮ ತಮ್ಮ ಕೆಲಸದ ನಡುವೆಯೇ ವಚನ ನುಡಿದರು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಕಾರ್ತಿಯರಾದರು. ಅಕ್ಷರವು ಒಂದು ಜಾತಿಯ ಸೊತ್ತಾಗಿದ್ದ ಕಾಲದಲ್ಲಿ ಅದು ದುಡಿಯುವವರ ಕೈಗೆ ಬಂತು. ಇಂದು ನಾವು "ಬರೆಯುವುದು ನಮ್ಮಂಥ ಒಕ್ಕಲಿಗರ ಕೆಲಸವಲ್ಲ" ಎಂದರೆ ಆ ಶರಣರ ಗಳಿಕೆಯನ್ನು ನಾವೇ ಬಿಟ್ಟುಕೊಟ್ಟಂತೆ.

ಎರಡನೆಯ ಮಾತು. ಎಲ್ಲ ಕಾಯಕಕ್ಕೂ ಫಲವಿದೆ, ಆದರೆ ಬರಹದ ಫಲಕ್ಕೆ ಒಂದು ವಿಶೇಷವಿದೆ. ರೈತ ಬೆಳೆದ ಜೋಳವನ್ನು ಯಾರೂ ಕೊಳ್ಳದಿದ್ದರೂ ತಾನು ಉಣ್ಣಬಹುದು. ಬರೆದವನು ತಾನು ಬರೆದದ್ದನ್ನು ತಾನೇ ಉಂಡು ಬದುಕಲಾರ. ಇನ್ನೊಬ್ಬರು ಓದಿದಾಗಲೇ ಆ ರಾಶಿ ಕಣದಿಂದ ಮನೆಗೆ ಬಂದಂತೆ. ವ್ಯಾಪಾರಸ್ಥ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರುವವನೊಬ್ಬನೇ ಇದ್ದರೆ ಪೇಟೆ ಎನಿಸುವುದಿಲ್ಲ. ಆದ್ದರಿಂದ ಬರೆಯುವುದು ಕಾಯಕವಾದರೆ, ಓದುವುದು, ನಕಲು ಮಾಡುವುದು, ಅಚ್ಚು ಹಾಕಿಸುವುದು, ಬೆನ್ನು ತಟ್ಟುವುದು ಇವೆಲ್ಲ ದಾಸೋಹ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಕಲ್ಯಾಣದಲ್ಲಿ ವಚನಗಳನ್ನು ಜೋಪಾನ ಮಾಡಲು ಶಾಂತರಸನೆಂಬ ಶರಣನಿದ್ದನೆಂದು ಪರಂಪರೆ ಹೇಳುತ್ತದೆ. ವಚನಭಂಡಾರಿ ಎಂಬುದೇ ಆತನ ಬಿರುದು. ಬೊಕ್ಕಸದ ಭಂಡಾರಿಗಳನ್ನು ಲೋಕವೆಲ್ಲ ಕಂಡಿದೆ, ಆದರೆ ಮಾತಿಗೊಬ್ಬ ಭಂಡಾರಿಯನ್ನಿಟ್ಟ ಹಿರಿಮೆ ನಮ್ಮ ಶರಣರದು. ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ಹೊತ್ತು ಒಯ್ದದ್ದು ಬಂಗಾರವನ್ನಲ್ಲ, ಓಲೆಯ ಕಟ್ಟುಗಳನ್ನು ಎಂದು ನಾವೆಲ್ಲ ಹಿರಿಯರಿಂದ ಕೇಳಿಕೊಂಡು ಬಂದಿದ್ದೇವೆ. ಮುಂದೆ 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರು ಅಧಿಕಾರದಲ್ಲಿದ್ದೂ ತಾವು ಬರೆದರು, ಬರೆಯುವವರಿಗೆ ಆಸರೆಯಾದರು. ಶೂನ್ಯಸಂಪಾದನೆಯನ್ನು ಒಬ್ಬರಾದ ಮೇಲೆ ಒಬ್ಬರಂತೆ ನಾಲ್ವರು ಸಂಕಲಿಸಿ ತಿದ್ದಿ ಬೆಳೆಸಿದರು. ಇನ್ನು ಹೆಸರೂ ಉಳಿಯದ ಓಲೆಕಾರರೆಷ್ಟು ಮಂದಿ! ತಾಳೆಗರಿಯ ಮೇಲೆ ಕಂಟದಿಂದ ಕೊರೆದು, ಕಾಡಿಗೆ ಸವರಿ, ಹುಳ ಹಿಡಿದ ಹಳೆಯ ಕಟ್ಟು ಹಾಳಾಗುವ ಮೊದಲೇ ಹೊಸ ಕಟ್ಟು ಮಾಡಿ ಇಟ್ಟವರು ಅವರು. ಇವರೆಲ್ಲರ ದಾಸೋಹವಿಲ್ಲದಿದ್ದರೆ ವಚನಗಳು ಕಲ್ಯಾಣದಲ್ಲಿಯೇ ಮುಗಿದುಹೋಗುತ್ತಿದ್ದವು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆಯೆಂದರೆ ಪೂಜ್ಯ ಡಾ. ಫ. ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಕಾನೂನು ಓದಿ ವಿಜಯಪುರದಲ್ಲಿ ವಕೀಲರಾದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹದ ಒಲವುಳ್ಳವರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗನಿಗೆ ಮನೆಯ ಪುಸ್ತಕಗಳೇ ಆಸರೆಯಾದವು. ಬನಹಟ್ಟಿ ಸೀಮೆಯ ಒಂದು ಮನೆಯಲ್ಲಿ ವಚನಗಳ ತಾಡೋಲೆ ಕಟ್ಟು ಕಣ್ಣಿಗೆ ಬಿದ್ದದ್ದೇ ತಡ, ಅವರ ಬಾಳಿನ ದಾರಿಯೇ ಬದಲಾಯಿತು. ಅಲ್ಲಿಂದ ಮುಂದೆ ಊರೂರು ಅಲೆದು, ಮಠಗಳಲ್ಲಿ, ಒಕ್ಕಲು ಮನೆಗಳ ಜಂತಿಯಲ್ಲಿ, ಜಗಲಿಯ ಮೇಲೆ ಇದ್ದ ಓಲೆಗಳನ್ನು ಕೇಳಿ ತಂದು, ಓದಿ, ನಕಲು ಮಾಡಿದರು.

ಅಷ್ಟು ಶ್ರಮಪಟ್ಟು ಸಿದ್ಧಪಡಿಸಿದ ಗ್ರಂಥವನ್ನು ಅಚ್ಚು ಹಾಕಲು ಒಂದು ಹೆಸರಾಂತ ಮುದ್ರಣಾಲಯ ಒಪ್ಪದೆ ಮರಳಿಸಿತು. ಅವರು ಕೈಬಿಡಲಿಲ್ಲ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಿಂದ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಬಂಧುಗಳೇ, ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಮುದ್ರಣಾಲಯದವರು ಜೈನ ಬಾಂಧವರು. ಶರಣರ ವಚನ ಅಚ್ಚಾಗಲು ಅವರು ನೆರವಾದರು. ಅದೇ ರೀತಿ ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು. ಒಳ್ಳೆಯ ಬರಹಕ್ಕೆ ಬೆನ್ನು ತಟ್ಟುವ ಕೈಗೆ ಕುಲ, ಮತದ ಹಂಗಿಲ್ಲ.

ಮುಂದೆ 1925ರಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆ ಆರಂಭಿಸಿದರು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಹುಡುಕಿಕೊಂಡು ಬಂತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಲಿಂಗೈಕ್ಯರಾದರು. ವಿಜಯಪುರದ ಲಿಂಗಾಯತ ವಿದ್ಯಾಸಂಸ್ಥೆಯನ್ನೂ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದ ಕೈ ಅದು. ಹಣದ ಲೆಕ್ಕ ಅರಿಯದೆ ಮನೆ ಮಾರಿದವರಲ್ಲ. ಲೆಕ್ಕ ಅರಿತೇ, ಯಾವುದು ಉಳಿಯುವ ಆಸ್ತಿ ಎಂಬುದನ್ನು ತಿಳಿದೇ ಮಾರಿದರು.

ನಾವು ವಾಣಿಜ್ಯ ಓದಿದವರು. ಅಢಾವೆ ಪತ್ರಿಕೆಯಲ್ಲಿ ಮನೆಗೆ, ಯಂತ್ರಕ್ಕೆ, ಬಂಡಿಗೆ ವರ್ಷವರ್ಷವೂ ಸವಕಳಿ ತೆಗೆಯಬೇಕೆಂದು ಕಲಿತಿದ್ದೇವೆ. ಹಳಕಟ್ಟಿಯವರು ಮಾರಿದ ಮನೆಯ ಬೆಲೆಯನ್ನು ಇಂದು ಯಾರೂ ಕೇಳುವುದಿಲ್ಲ. ಅವರು ಹಾಕಿದ ತಳಹದಿಯ ಮೇಲೆ ಅನೇಕ ವಿದ್ವಾಂಸರು ದುಡಿದು, 1993ರಲ್ಲಿ ಕರ್ನಾಟಕ ಸರಕಾರದಿಂದ ಸಮಗ್ರ ವಚನಗಳು 15 ಸಂಪುಟಗಳಲ್ಲಿ ಪ್ರಕಟವಾದವು. ಯಾವ ಲೆಕ್ಕಿಗನೂ ಸವಕಳಿ ತೆಗೆಯಲಾರದ ಆಸ್ತಿ ಅದು.

ಇನ್ನು ನಮ್ಮ ಗಡಿನಾಡಿನ ಮಾತಿಗೆ ಬರೋಣ. ಗಡಿಯಲ್ಲಿರುವವರಿಗೆ ಸಾಹಿತ್ಯವೆಲ್ಲಿಯದು ಎಂದು ಕೆಲವರು ಕೈಚೆಲ್ಲುತ್ತಾರೆ. ಇದು ಸರಿಯಲ್ಲ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದನು, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದನು. ಚಾಮರಸನ ಪ್ರಭುಲಿಂಗಲೀಲೆಯನ್ನು ಶಿವಪ್ರಕಾಶ ಸ್ವಾಮಿಗಳು ತಮಿಳಿಗೆ ತಂದರು. ಮನ್ಮಥ ಸ್ವಾಮಿಗಳು ಮರಾಠಿಯಲ್ಲಿ ಪರಮರಹಸ್ಯ ಬರೆದು ಆ ನಾಡಿನ ಭಕ್ತರಿಗೆ ದಾರಿ ತೋರಿದರು. ನಮ್ಮ ಧರ್ಮಕ್ಕೆ ಗಡಿ ಗೋಡೆಯಾಗಲಿಲ್ಲ, ಬಾಗಿಲಾಯಿತು.

ಸೊನ್ನಲಿಗೆಯ ಸಿದ್ಧರಾಮರ ನೆಲವಾದ ಸೊಲ್ಲಾಪುರದಲ್ಲಿ ಬಾಳಿದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯೋಣ. 1912ರಲ್ಲಿ ಜನಿಸಿದ ತಾಯಿಯವರಿಗೆ ಶಾಲೆಯಲ್ಲಿ ದೊರೆತದ್ದು ಮರಾಠಿ ಅಕ್ಷರ. ಆದರೂ ಮನೆಮಾತಾದ ಕನ್ನಡವನ್ನು ಬಿಡದೆ ಕಲಿತು, ಸಾವಿರಾರು ತ್ರಿಪದಿಗಳಲ್ಲಿ ಸಿದ್ಧರಾಮ ಪುರಾಣವನ್ನು ರಚಿಸಿದರು. ಬೀಸುವಾಗ, ಕುಟ್ಟುವಾಗ ನಮ್ಮ ಅವ್ವಂದಿರು ಹಾಡಿಕೊಂಡು ಬಂದ ಧಾಟಿ ಅದು. ಜೊತೆಗೇ ಬಸವಾದಿ ಶರಣರ ವಚನಗಳನ್ನು ಮರಾಠಿಗೂ ಕೊಟ್ಟರು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ನಮ್ಮ ಗಡಿಯ ಈ ತಾಯಿ. ಮರಾಠಿ ಶಾಲೆಯಲ್ಲಿ ಓದಿದ ಮಗು ಕನ್ನಡಕ್ಕೆ ಕಳೆದುಹೋಯಿತೆಂದು ತಿಳಿಯುವವರು ತಾಯಿಯವರ ಬಾಳನ್ನು ನೋಡಬೇಕು.

ಹೀಗಿದ್ದರೂ ಇಂದು ನಮ್ಮಲ್ಲಿ ನಡೆದಿರುವುದೇನು? ಶ್ರೀಗಳವರ ದರ್ಶನಕ್ಕೆ ಗಡಿಯಾಚೆಯ ಒಬ್ಬ ವೃದ್ಧ ರೈತರು ಬಂದಿದ್ದರು. ಅರಿವೆಯ ಗಂಟಿನಲ್ಲಿ ಹನ್ನೊಂದು ಪಟ್ಟಿ ಪುಸ್ತಕಗಳು. ಹೊಲದ ಕೆಲಸ ಮುಗಿಸಿ ರಾತ್ರಿ ಬರೆದ ಭಜನೆಯ ಪದಗಳು, ಊರ ಪುರಾಣ ಪ್ರವಚನಗಳ ಟಿಪ್ಪಣಿ, ಬರಗಾಲದ ವರ್ಷಗಳ ನೆನಪು, ಹೀಗೆ ನಾಲ್ವತ್ತು ವರ್ಷಗಳ ಬರಹ. ಅವರು ಶ್ರೀಗಳವರ ಮುಂದೆ ಗಂಟು ಇಟ್ಟು, "ಅಪ್ಪಾರ, ನನ್ನ ಮಕ್ಕಳಿಗೆ ಕನ್ನಡ ಮಾತಾಡ್ಲಿಕ್ಕ ಬರತದ, ಓದಾಕ ಬರಂಗಿಲ್ಲ. ಮೊಮ್ಮಕ್ಕಳಿಗೆ ಮಾತೂ ಅಷ್ಟಕ್ಕಷ್ಟ. ನಾ ಸತ್ತ ಮ್ಯಾಲ ಇದನ್ನ ಯಾರು ಓದತಾರ್ರೀ? ರದ್ದಿಗೆ ಹೋಗೂದಕ್ಕಿಂತ ಮಠದಾಗ ಇರಲಿ" ಎಂದರು. ಶ್ರೀಗಳವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಗಂಟು ಮಠದಾಗ ಇರಲಿ. ಹನ್ನೆರಡನೇ ಪುಸ್ತಕ ನಿಮ್ಮ ಕೈಯಾಗ ಇರಲಿ, ಬರಿಯೂದು ನಿಲ್ಲಿಸಬ್ಯಾಡ್ರಿ" ಎಂದು ಹೊಸದೊಂದು ಪುಸ್ತಕ ತರಿಸಿ ಕೊಟ್ಟರು.

ಈ ಪ್ರಶ್ನೆ ಒಬ್ಬ ಹಿರಿಯರದಲ್ಲ. ಬರೆಯುವ ಕೈ ನಿಂತರೆ ಒಬ್ಬನ ಹಾಡು ನಿಲ್ಲುತ್ತದೆ, ಓದುವ ಕಣ್ಣು ನಿಂತರೆ ಎಂಟು ನೂರು ವರ್ಷದ ವಚನವೇ ನಮ್ಮ ಮನೆಯಲ್ಲಿ ಮೂಕವಾಗುತ್ತದೆ. ಕೊರಳಲ್ಲಿ ಲಿಂಗವಿದ್ದು, ಅದರ ಅರಿವನ್ನು ಹೇಳುವ ಮಾತು ಓದಲು ಬಾರದ ಸ್ಥಿತಿ ನಮ್ಮ ಮೊಮ್ಮಕ್ಕಳಿಗೆ ಬರಬೇಕೆ? ಆಯಾ ರಾಜ್ಯದ ಭಾಷೆಯನ್ನು ಮಕ್ಕಳು ಕಲಿಯಲಿ, ಅದರಲ್ಲಿ ಮೇಲೆ ಬರಲಿ. ಅದು ಅನ್ನದ ಭಾಷೆ, ಅದಕ್ಕೆ ಗೌರವ ಸಲ್ಲಲೇಬೇಕು. ಅದರೊಂದಿಗೆ ದಿನಕ್ಕೊಂದು ವಚನ ಓದುವಷ್ಟು ಕನ್ನಡವನ್ನು ಮನೆಯಲ್ಲಿ ಕಲಿಸುವುದು ಅಸಾಧ್ಯವೇನಲ್ಲ.

ಆದ್ದರಿಂದ ನಾವು ಸದ್ಭಕ್ತರಲ್ಲಿ ನಾಲ್ಕು ಮಾತು ವಿನಂತಿಸಿಕೊಳ್ಳುತ್ತೇವೆ.

ಒಂದು, ಮನೆಯಲ್ಲಿ ತಾಡೋಲೆ, ಹಳೆಯ ಕೈಬರಹದ ಪುಸ್ತಕಗಳಿದ್ದರೆ ಪೂಜೆ ಮಾಡಿ ಕಟ್ಟಿಟ್ಟರೆ ಸಾಲದು, ಹೊಳೆಗೆ ಬಿಡುವುದಂತೂ ಬೇಡವೇ ಬೇಡ. ಬಲ್ಲವರಿಗೆ ತೋರಿಸಿ, ನಕಲು ಮಾಡಿಸಿರಿ.

ಎರಡು, ಅಜ್ಜಿ ಹಾಡುವ ಪದಗಳನ್ನು, ಅಜ್ಜ ಹೇಳುವ ಊರಿನ ಸಂಗತಿಗಳನ್ನು ಮೊಮ್ಮಕ್ಕಳಿಂದ ಬರೆಸಿರಿ. ಕನ್ನಡ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರು, ಬರೆಯುವ ಮಗು ಕಂಡರೆ ಹೊಟ್ಟೆಪಾಡಿನ ಪ್ರಶ್ನೆ ಬೇಡ, ಒಂದು ಪುಸ್ತಕ, ಒಂದು ಪೆನ್ನು ಕೊಡಿರಿ. ಬರೆದದ್ದನ್ನು ಓದಿಸಿ ಕೇಳಿರಿ. ಬೆನ್ನು ತಟ್ಟುವುದೆಂದರೆ ಹೊಗಳುವುದಷ್ಟೇ ಅಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಮೊದಲು ಕಠಿಣ ಪ್ರಶ್ನೆಗಳನ್ನೇ ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆ ಕೇಳುವವನು ಮನಸ್ಸಿಟ್ಟು ಕೇಳಿದವನು.

ನಾಲ್ಕು, ದೀಪಾವಳಿಯ ಪಾಡ್ಯಕ್ಕೆ ಅಂಗಡಿಯಲ್ಲಿ ಕಿರ್ದಿ, ಖಾತೆ ಪುಸ್ತಕಗಳನ್ನು ಪೂಜಿಸುವ ವ್ಯಾಪಾರಸ್ಥ ಬಂಧುಗಳು ಆ ದಿನ ಒಂದು ವಚನ ಪುಸ್ತಕವನ್ನೂ ಕೊಂಡು ಅಲ್ಲಿಡಲಿ, ಮರುದಿನ ಅದನ್ನು ಓದುವ ಒಂದು ಮಗುವಿಗೆ ಕೊಡಲಿ. ಖರ್ಚಿನ ಬಾಜುವಿಗೆ ಬರೆದ ಆ ಮೊತ್ತ ಮುಂದಿನ ತಲೆಮಾರಿನ ಜಮೆಯಾಗುವುದು.

ಬರೆಯುವ ಬಂಧುಗಳಿಗೂ ಒಂದು ಮಾತು. ಬಿತ್ತಿದ ದಿನವೇ ಯಾವ ರೈತನೂ ರಾಶಿ ಕೇಳುವುದಿಲ್ಲ. ಸನ್ಮಾನ ಬರಲಿ ಬಿಡಲಿ, ಕಾಯಕ ತಪ್ಪದಿರಲಿ. ಹದ ನೋಡಿ ಕೂರಿಗೆ ಹೂಡುವಂತೆ ಅರಿತು ಬರೆಯಿರಿ, ಸುಳ್ಳು ಬರೆಯದಿರಿ, ಬರೆದಂತೆ ನಡೆಯಿರಿ. ನುಡಿ, ನಡೆ ಬೇರೆಯಾದ ಬರಹ ಜೊಳ್ಳು ಕಾಳು, ಗಾಳಿಗೆ ತೂರಿದಾಗ ನಿಲ್ಲದು.

ಮಳೆ ನಂಬಿ ಒಕ್ಕಲಿಗ ಬೀಜ ಹಾಕುತ್ತಾನೆ, ಓದುಗನನ್ನು ನಂಬಿ ಬರಹಗಾರ ಅಕ್ಷರ ಹಾಕುತ್ತಾನೆ. ಮಳೆ ನಮ್ಮ ಕೈಯಲ್ಲಿಲ್ಲ, ಓದು ನಮ್ಮ ಕೈಯಲ್ಲಿಯೇ ಇದೆ. ಬಸವಾದಿ ಪ್ರಮಥರ ಕೃಪೆ ಗಡಿನಾಡಿನ ಮನೆಮನೆಯ ಮೇಲಿರಲಿ ಎಂದು ಬೇಡಿಕೊಳ್ಳುತ್ತೇವೆ.



ಕಾರ್ಯದರ್ಶಿ, ಶ್ರೀಮಠ