ಉಪಗೂಹನವೂ ಸ್ಥಿತೀಕರಣವೂ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆಯೆಂಬುದು ನಮ್ಮ ಮನೆಯ ಮಕ್ಕಳಿಗೂ ತಿಳಿದ ಮಾತು. ಆದುದರಿಂದ ಜೈನ ಮನೆಗಳಲ್ಲಿ ಕುಡಿತದ ಪ್ರಶ್ನೆಯೇ ಏಳದೆಂದು ಭಾವಿಸುವುದು ಸುಲಭ. ಏಳುತ್ತದೆಂಬುದನ್ನು ಬಲ್ಲವರು ಬಲ್ಲರು. ಅನ್ಯರಲ್ಲಿ ಕುಡುಕನು ಕುಡುಕನಷ್ಟೇ. ನಮ್ಮಲ್ಲಿ ಅವನು ವ್ರತಭ್ರಷ್ಟನೂ ಹೌದು. ಈ ಎರಡನೆಯ ಹೆಸರಿಗೆ ಅಂಜಿ ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಕೇಳಿದರೆ, ಪರರ ದೋಷವನ್ನು ಮುಚ್ಚುವುದು ಉಪಗೂಹನವಲ್ಲವೇ ಎನ್ನುತ್ತಾರೆ.

ಉಪಗೂಹನವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದೆಂಬುದು ನಿಜ. ಅದಕ್ಕೆ ನಿದರ್ಶನವಾಗಿ ಸಮಂತಭದ್ರಾಚಾರ್ಯರು ಹೆಸರಿಸಿರುವ ಜಿನೇಂದ್ರಭಕ್ತನು ಒಬ್ಬ ವರ್ತಕ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಜಿನಬಿಂಬದ ಛತ್ರದಲ್ಲಿದ್ದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪವಾದ ಬಾರದಿರಲೆಂದು ಆ ಶ್ರೇಷ್ಠಿಯು "ನಾನೇ ತರಿಸಿದೆನು" ಎಂದು ಕಾವಲಿನವರನ್ನು ಹಿಂದಿರುಗಿಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಲೋಕದೆದುರು ಮುಚ್ಚಿದವನು ಏಕಾಂತದಲ್ಲಿ ಸುಮ್ಮನಿರಲಿಲ್ಲ. ವೇಷಧಾರಿಯನ್ನು ಆ ರಾತ್ರಿಯೇ ಹೊರಗಟ್ಟಿದನು. ನಮ್ಮ ಕುಟುಂಬಗಳು ಕಥೆಯ ಪೂರ್ವಾರ್ಧವನ್ನು ಮಾತ್ರ ಆಚರಿಸುತ್ತವೆ. ಅಲ್ಲದೆ ಕುಡಿತಕ್ಕೆ ಬಿದ್ದವನು ಆ ಕಳ್ಳನಂತೆ ಮೋಸಕ್ಕೆಂದೇ ಬಂದವನಲ್ಲ. ಅವನು ವಾರಿಷೇಣಮುನಿಯ ಸಂಗಡಿಗನಂತೆ, ದಾರಿಯಲ್ಲಿದ್ದೂ ಮನಸ್ಸು ಜಾರಿದವನು. ಅಂಥವನನ್ನು ಮರಳಿ ನಿಲ್ಲಿಸುವುದೇ ಸ್ಥಿತೀಕರಣ. ಆಚಾರ್ಯರು ಅದನ್ನು ಉಪಗೂಹನದ ಮರುಸಾಲಿನಲ್ಲಿಯೇ ಹೇಳಿದ್ದಾರೆ.

ಮರೆಯನ್ನೂ ಉಳಿಸಿ, ಮನುಷ್ಯನನ್ನೂ ನಿಲ್ಲಿಸುವ ಏರ್ಪಾಡೊಂದು ಇದೆಯೇ? ಇದೆ, ಅದು ನಮ್ಮವರು ಕಟ್ಟಿದ್ದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ವ್ಯವಹಾರವೊಂದು ಕೈಕೊಟ್ಟು ಮತ್ತೆ ಕುಡಿಯುವ ಸೆಳೆತಕ್ಕೆ ಸಿಕ್ಕಿದ ಬಿಲ್ ವಿಲ್ಸನ್ ಎಂಬ ಷೇರು ದಲ್ಲಾಳಿಯು, ಪಾನಗೃಹದತ್ತ ಹೋಗದೆ ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನನ್ನು ಹುಡುಕಿದನು. ಸಿಕ್ಕಿದವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಆ ಇಬ್ಬರ ಮಾತುಕತೆಯಿಂದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಹುಟ್ಟಿತು. ಉಪದೇಶ ಪಡೆಯಲು ಅಲ್ಲ, ಇನ್ನೊಬ್ಬನಿಗೆ ಹೇಳುವುದರಿಂದ ತಾನು ಉಳಿಯಲು ಅವನು ಹೋದನೆಂಬುದನ್ನು ಗಮನಿಸಬೇಕು. ಜೀವಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರದಲ್ಲಿ ಓದುವ ನಮಗೆ ಇದು ಅಪರಿಚಿತವೆನಿಸಬಾರದು. ಅಲ್ಲಿ ಸದಸ್ಯತ್ವಕ್ಕೆ ಬೇಕಾದುದು ಕುಡಿತವನ್ನು ಬಿಡುವ ಇಚ್ಛೆಯೊಂದೇ; ಶುಲ್ಕವಿಲ್ಲ. ಸಭೆಯಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ತನ್ನ ದೋಷಗಳ ದಾಸ್ತಾನು ಪಟ್ಟಿ ಮಾಡಿ ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು, ನೋಯಿಸಿದವರಿಗೆ ಪರಿಹಾರ ಸಲ್ಲಿಸುವುದು ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಬರುತ್ತವೆ. ಆಲೋಚನೆ, ಪ್ರತಿಕ್ರಮಣಗಳನ್ನು ಬಲ್ಲವರಿಗೆ, ವರ್ಷಾಂತ್ಯದ ದಾಸ್ತಾನನ್ನು ಬಲ್ಲ ವರ್ತಕರಿಗಂತೂ, ವಿವರಣೆ ಬೇಕಿಲ್ಲ.

ಆಕ್ಷೇಪಗಳುಂಟು. ಆ ಮೆಟ್ಟಿಲುಗಳು ದೇವರಿಗೆ ಶರಣಾಗುವ ಮಾತನಾಡುತ್ತವೆ. ನಾವು ಸೃಷ್ಟಿಕರ್ತನನ್ನು ಒಪ್ಪುವವರಲ್ಲ. ಆದರೆ "ನಾವು ಅರಿತುಕೊಂಡಂತೆ" ಎಂಬ ವಿಶೇಷಣವನ್ನು ಅವರೇ ಸೇರಿಸಿದ್ದಾರೆ. ಪಂಚಪರಮೇಷ್ಠಿಗಳ ಗುಣಸ್ಮರಣೆಗೆ ಅಲ್ಲಿ ಯಾರೂ ಅಡ್ಡಿಪಡಿಸಲಾರರು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: "ಇಂದು ಒಂದು ದಿನ ಕುಡಿಯೆನು" ಎಂಬ ಅವರ ಸಂಕಲ್ಪವು ಯಾವಜ್ಜೀವ ಪಾಲಿಸಬೇಕಾದ ಮೂಲಗುಣವನ್ನು ಹಗುರಗೊಳಿಸುವುದಿಲ್ಲವೇ? ರತ್ನಕರಂಡಕ ಶ್ರಾವಕಾಚಾರವು ತ್ಯಾಗದಲ್ಲಿ ಆಜೀವ ಯಮವನ್ನೂ ಕಾಲಮಿತಿಯ ನಿಯಮವನ್ನೂ ಬೇರೆಬೇರೆಯಾಗಿ ಹೇಳಿದೆ; ಒಂದು ದಿನದ ತ್ಯಾಗವೂ ತ್ಯಾಗವೇ. ಮುನಿಗಳ ಪಾದದಲ್ಲಿ ಆಜೀವ ಪ್ರತಿಜ್ಞೆ ಮಾಡಿಸಿ, ಅದು ವಾರದೊಳಗೆ ಮುರಿದಾಗ ಪಾಪದ ಮೇಲೆ ಪಾಪ ಹೊರಿಸುವುದಕ್ಕಿಂತ, ದಿನದಿನದ ನಿಯಮದಿಂದ ಯಮದತ್ತ ನಡೆಸುವುದು ನನಗೆ ಯುಕ್ತವಾಗಿ ಕಾಣುತ್ತದೆ. ವ್ರತದ ಆದರ್ಶವನ್ನು ಇದು ಇಳಿಸುವುದಿಲ್ಲ. ಏರುವ ಮೆಟ್ಟಿಲನ್ನಷ್ಟೇ ಚಿಕ್ಕದು ಮಾಡುತ್ತದೆ.

ಇದರಿಂದ ಫಲವುಂಟೇ ಎಂದು ಕೇಳುವವರಿಗೆ: 27 ಅಧ್ಯಯನಗಳಲ್ಲಿ 10,565 ಜನರನ್ನು ಪರಿಗಣಿಸಿದ 2020ರ ಕಾಕ್ರೇನ್ ವಿಮರ್ಶೆಯು, ಇಂಥ ಸಭೆಗಳಿಗೆ ಕ್ರಮಬದ್ಧವಾಗಿ ಸೇರಿಸುವ ವಿಧಾನವು ಪೂರ್ಣ ವರ್ಜನೆಯ ಮಟ್ಟಿಗೆ ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ನಮ್ಮ ನಾಡಿನಲ್ಲಿಯೂ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ, ಶಿಬಿರ ಮುಗಿಸಿದವರು ಮತ್ತೆ ಮತ್ತೆ ಕೂಡಲೆಂದು ನವಜೀವನ ಸಮಿತಿಗಳಿವೆ. ಜೈನ ಮನೆತನವೊಂದು ಮುನ್ನಡೆಸುವ ಈ ಕಾರ್ಯವನ್ನು ಹೊಗಳುವ ನಾವು, ಅದು ಊರಿನ ಬಡವರಿಗೆಂದು ತಿಳಿದು ಕೈಮುಗಿದು ಬಂದುಬಿಡುತ್ತೇವೆ!

ಮೈಸೂರಿನಲ್ಲಿಯೂ ಅನಾನಿಮಸ್ ಗುಂಪುಗಳಿವೆ. ಸ್ಥಳ, ವೇಳೆಗಳು ಬದಲಾಗುವುದರಿಂದ ಸಂಘದ ಭಾರತದ ಜಾಲತಾಣದಲ್ಲಿ ನೋಡಿಕೊಳ್ಳುವುದು ಲೇಸು. ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು. ಮುಕ್ತ ಸಭೆಗೆ ಯಾರಾದರೂ ಹೋಗಬಹುದು, ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಹೆಂಡತಿ ಮಕ್ಕಳಿಗೆಂದು 'ಆಲ್-ಅನಾನ್' ಬೇರೆಯೇ ಇದೆ. ಒಂದು ಎಚ್ಚರಿಕೆ ಅಗತ್ಯ: ಬಹುಕಾಲ ನಿತ್ಯವೂ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿಗಳಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮನೆಯಲ್ಲಿ ಕೂಡಿಹಾಕದೆ, ಉಪವಾಸ ಹಿಡಿಸದೆ, ಮೊದಲು ಕೆ.ಆರ್. ಆಸ್ಪತ್ರೆಯಂಥಲ್ಲಿ ಮನೋವೈದ್ಯರಿಗೆ ತೋರಿಸಬೇಕು.

ಬಸದಿಯ ಟ್ರಸ್ಟುಗಳು ವಾರಕ್ಕೊಂದು ಸಂಜೆ ಸಭಾಭವನದ ಕೋಣೆಯೊಂದನ್ನು ಇಂಥ ಗುಂಪಿಗೆ ಕೊಡಬಹುದು. ದಾನವೆಂದು ಕೊಟ್ಟರೆ ಅವರು ಸ್ವೀಕರಿಸಲಾರರು, ಹೊರಗಿನವರ ಕಾಣಿಕೆ ಪಡೆಯದಿರುವುದು ಅವರ ಸಂಪ್ರದಾಯ. ಅಮೃತಶಿಲೆಯ ಫಲಕಕ್ಕೂ ಅಲ್ಲಿ ಜಾಗವಿಲ್ಲ. ಅಲ್ಪ ಬಾಡಿಗೆ ಪಡೆದು ರಸೀದಿಯನ್ನು ಗುಂಪಿನ ಹೆಸರಿಗೆ ಬರೆದರೆ ಸಾಕು. ಯಾರು ಬಂದರು, ಯಾರು ಹೋದರು ಎಂದು ಕಾವಲುಗಾರನು ನೋಡದಿರಲಿ.