ಅಳದ ಮಗುವಿಗೂ ಹಾಲು

ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ಒಂದು ಮನೆಯ ಮಟ್ಟಿಗೆ ಅದು ನಡೆದೀತು. ಹತ್ತು ಸಂಸಾರಗಳು ಒಂದೇ ಸೂರಿನಡಿ ಬಾಳುವಲ್ಲಿ ಅದೇ ನಿಯಮವಾದರೆ ಏನಾಗುತ್ತದೆಂದು ವೆಸ್ಟ್ ಮಾಂಬಲಂನ ನಮ್ಮ ಕಟ್ಟಡ ನನಗೆ ಕಲಿಸಿತು.

ಇಲ್ಲಿ ಲೇಕ್ ವ್ಯೂ ರಸ್ತೆ ಎಂದೊಂದಿದೆ. ಕೆರೆ ಹೆಸರಿನಲ್ಲಿ ಮಾತ್ರ. 1920ರ ದಶಕದಲ್ಲಿ ತ್ಯಾಗರಾಯನಗರ ಕಟ್ಟುವುದಕ್ಕಾಗಿ ಅದನ್ನು ಮುಚ್ಚಿದರು. ಆಗ ಮದರಾಸಿಗೆ ಮೊದಲು ಬೇಕಾಗಿದ್ದದ್ದು ಮನೆ.

2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆನೀರು ಸಂಗ್ರಹ ಕಡ್ಡಾಯ ಮಾಡಿತು. ನಾವೂ ಗುಂಡಿ ತೋಡಿಸಿ ಜಲ್ಲಿ, ಮರಳು ತುಂಬಿಸಿದೆವು. ಅದನ್ನು ವರ್ಷಕ್ಕೊಮ್ಮೆ ಶುಚಿ ಮಾಡಿಸಬೇಕೆಂಬ ವಿಷಯ ಪ್ರತಿ ಸಭೆಯ ಪಟ್ಟಿಯಲ್ಲೂ ಇರುತ್ತಿತ್ತು, ಎಲ್ಲಕ್ಕಿಂತ ಕೊನೆಗೆ. ಅಲ್ಲಿಗೆ ತಲುಪುವ ಹೊತ್ತಿಗೆ ಕಾಫಿ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಒಂದು ವರ್ಷ ಲಿಫ್ಟ್ ಕೆಟ್ಟಿತು. ಮೂರನೆಯ ಮಹಡಿಯ ಅಜ್ಜಿಗೆ ಮೆಟ್ಟಿಲು ಇಳಿಯಲಾಗದು. ಅದು ಮೊದಲಾದದ್ದು ನ್ಯಾಯವೇ. ಮರುವರ್ಷ ಗೇಟಿಗೆ ಬಣ್ಣ. ಆ ಸಲಹೆ ನನ್ನದು. ಮಗಳ ಮದುವೆಗೆ ಊರಿನಿಂದ ನೆಂಟರು ಬರುವವರಿದ್ದರು.

2015ರ ಡಿಸೆಂಬರ್ 1ರ ಮಹಾಮಳೆಯನ್ನು ನಮ್ಮ ಒಂದು ಗುಂಡಿ ತಡೆಯುತ್ತಿತ್ತೆಂದು ನಾನು ಹೇಳಲಾರೆ. ಆದರೆ 2019ರ ಬೇಸಿಗೆಯ ಮಾತು ಬೇರೆ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳೆಲ್ಲ ಒಣಗಿದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ರೈಲಿನಲ್ಲಿ ಬಂತು. ಬೆಂಗಳೂರಿಗೆ ಹೋಗುವಾಗ ನಾವು ಕೂಜಾ ತುಂಬಿಸಿಕೊಳ್ಳುತ್ತಿದ್ದ ಅದೇ ಸ್ಟೇಷನ್ನು! ನಮ್ಮ ಕೊಳವೆಬಾವಿ ಬರೀ ಗಾಳಿ ಕಾರಿತು. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದ ಆ ಅಜ್ಜಿಯ ಸೊಸೆ, "ಪುಣ್ಯಕ್ಕೆ ಲಿಫ್ಟಾದರೂ ಇದೆ" ಎಂದು ನಕ್ಕಳು. ಗೇಟಿನ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಯಾವುದು ಮೊದಲು ಎಂದು ನಿಶ್ಚಯಿಸುವಾಗ ನಾವು ಯಾರು ಜೋರಾಗಿ ಕೂಗುತ್ತಾರೆಂದು ಕಿವಿಗೊಡುತ್ತೇವೆ. ತಡವಾದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದೇ ಎಂದು ಕೇಳುವುದಿಲ್ಲ. ಇದನ್ನು ಕೇಳಿದ್ದರೆ ಗೇಟಿನ ಬಣ್ಣ ಅಂದೇ ಹಿಂದೆ ಬೀಳುತ್ತಿತ್ತು. ಗುಂಡಿಯದು ಮಾತ್ರ ಇನ್ನೂ ತೊಡಕಿನ ಲೆಕ್ಕ. ಯಾವುದೇ ಒಂದು ವರ್ಷವನ್ನು ತೆಗೆದುಕೊಂಡರೂ ಅದು ಇನ್ನೊಂದು ವರ್ಷ ಕಾಯಬಲ್ಲದು. ಮೋಸವಿರುವುದು ಅಲ್ಲೇ. ಇಂಥ ಕೆಲಸವನ್ನು ಪಟ್ಟಿಯಲ್ಲಿ ಎಷ್ಟು ಮೇಲೆ ಬರೆದರೂ ಅಳುವ ಮಗುವೊಂದು ಅದನ್ನು ಕೆಳಗೆ ತಳ್ಳುತ್ತದೆ. ಅದಕ್ಕೆ ಸ್ಥಾನವಲ್ಲ, ದಿನ ಗೊತ್ತುಮಾಡಬೇಕು. ಹಿರಿಯರ ತಿಥಿಯನ್ನು ಯಾರಾದರೂ ಸಭೆಯಲ್ಲಿಟ್ಟು ಮತ ಕೇಳುತ್ತಾರೆಯೇ?

ಈಗ ನಮ್ಮಲ್ಲಿ ಆಡಿ ಹದಿನೆಂಟರ ಹಬ್ಬದ ಮರುದಿನ ಗುಂಡಿ ತೆರೆಯುತ್ತೇವೆ. ಕಳೆದ ಸಲ ಮೊದಲ ಬುಟ್ಟಿ ಕೆಸರು ಹೊತ್ತವನು ನಾನು. ಬೆನ್ನು ಮೂರು ದಿನ ನೋಯಿತು.